ಉತ್ಸವ ಮುಗಿಯಿತು, ಕಮಾನು ಬಿಚ್ಚುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಶನಿವಾರ ನಮ್ಮ ಕಾರವಾರದಲ್ಲಿ ನಡೆದ ಉತ್ಸವದ ಬಗ್ಗೆ ಸೋಮವಾರದ ಸಂಚಿಕೆಯಲ್ಲಿ ‘ಕಡಲ ತೀರಕ್ಕೆ ಹರಿದುಬಂದ ಜನಸಾಗರ’ ಎಂಬ ವರದಿ ಓದಿದೆ. ಸಾಗರ ಹರಿದದ್ದು ನಿಜ. ಅದು ನಮ್ಮ ಗೇಟು ದಾಟಿ ಅಂಗಳದಲ್ಲೂ ಹರಿಯಿತು ಎಂಬುದನ್ನು ಮಾತ್ರ ನಿಮ್ಮ ವರದಿಗಾರರು ಬಿಟ್ಟಿದ್ದಾರೆ. ಫೋಟೊದಲ್ಲಿ ಎಡಗಡೆ, ಆ ದೊಡ್ಡ ಮೀನಿನ ಬಾಲದ ಹಿಂದೆ, ಹಸಿರು ಬಣ್ಣದ ಕಿಟಕಿಯೊಂದು ಕಾಣುತ್ತದಲ್ಲ, ಅದು ನಮ್ಮ ಮನೆ. ಮುಚ್ಚಿದ ಆ ಕಿಟಕಿಯ ಒಳಗೆ 82 ವರ್ಷದ ನನ್ನ ಆಯಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು.

ಮೀನಿನ ಕಥೆಯನ್ನೇ ಮೊದಲು ಹೇಳುತ್ತೇನೆ. ಮೆರವಣಿಗೆಯ ನಾಲ್ಕನೇ ಟ್ರ್ಯಾಕ್ಟರಿನ ಮೇಲೆ ಥರ್ಮೋಕೋಲಿನ ಬಂಗಡೆ. ಬೋರ್ಡಿನಲ್ಲಿ ಹಾಗೆ ಬರೆದಿತ್ತು, ಅದಕ್ಕೇ ಬಂಗಡೆ ಎನ್ನುತ್ತಿದ್ದೇನೆ. ಕಾರವಾರದಲ್ಲಿ ಹುಟ್ಟಿದ ಯಾವ ಮಗುವೂ ಅದನ್ನು ಬಂಗಡೆ ಎನ್ನಲಿಕ್ಕಿಲ್ಲ. ಅದರ ಬೆನ್ನಿನ ರೆಕ್ಕೆ ನಮ್ಮ ಮನೆ ಎದುರಿನ ಕೇಬಲ್ ವೈರಿಗೆ ಸಿಕ್ಕಿಕೊಂಡಿತು. ಹುಡುಗನೊಬ್ಬ ಟ್ರಾಲಿಯ ಅಂಚಿನಲ್ಲಿ ನಿಂತು ಬಿದಿರಿನ ಗಳದಿಂದ ವೈರ್ ಎತ್ತಿ ಹಿಡಿದ. ಟ್ರ್ಯಾಕ್ಟರಿನವ ಒಂದು ಮಾರು ಮುಂದೆ ತಂದ. ವೈರ್ ಗಳದಿಂದ ಜಾರಿ ಕರೆಂಟಿನ ತಂತಿಗೆ ತಾಗಿತು. ಫಟ್ ಎಂದು ಸದ್ದು, ನೀಲಿ ಕಿಡಿ, ಓಣಿಗೆ ಓಣಿಯೇ ಕತ್ತಲು. ಆ ಹುಡುಗ ಗಳ ಬಿಸಾಕಿ ನಮ್ಮ ಕಂಪೌಂಡ್ ಹಾರಿ ಒಳಗೆ ಬಂದ. ಕಾಲಿಗೆ ಚಪ್ಪಲಿ ಇರಲಿಲ್ಲ, ಕೈ ನಡುಗುತ್ತಿತ್ತು. ನೀರು ಕೊಟ್ಟೆ. ಅರ್ಧ ಲೋಟ ಅಂಗಿಯ ಮೇಲೆಯೇ ಚೆಲ್ಲಿಕೊಂಡ. ‘ಯಾರಿಗೂ ಹೇಳಬೇಡಿ ಮಾಮ, ಪಗಾರ ಹಿಡೀತಾರೆ’ ಎಂದ.

ಹೇಳುತ್ತಿದ್ದೇನೆ. ಯಾವ ಹುಡುಗ ಎಂದು ಹೇಳುವುದಿಲ್ಲ, ಅಷ್ಟೇ.

ಕರೆಂಟ್ ಬಂದದ್ದು ಎರಡೂಕಾಲು ತಾಸಿನ ನಂತರ. ನಿಮ್ಮ ವರದಿಯಲ್ಲಿ ಇದು ಒಂದೇ ಸಾಲು: ‘ತಾಂತ್ರಿಕ ಕಾರಣದಿಂದ ಮೆರವಣಿಗೆ ಕೊಂಚ ತಡವಾಯಿತು.’ ತಾಂತ್ರಿಕ ಕಾರಣವಂತೆ! ತೇರು ಎಳೆಯುವ ಊರಿನ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ, ಮೊದಲು ತೇರಿನ ಎತ್ತರ ಅಳೆಯಬೇಕು, ಆಮೇಲೆ ದಾರಿಯ ತಂತಿ ನೋಡಬೇಕು. ಇದಕ್ಕೆ ಬೇಕಾದದ್ದು ಒಂದು ಟೇಪು ಮತ್ತು ಒಂದು ಬೆಳಗ್ಗೆ. ನಮ್ಮವರು ತಿಂಗಳಿಡೀ ಪೂರ್ವಭಾವಿ ಸಭೆ ನಡೆಸಿದರು, ಗೋಡಂಬಿ ಖಾಲಿ ಮಾಡಿದರು. ಟೇಪು ಯಾರೂ ತರಲಿಲ್ಲ.

ಅದೇ ಸಂಜೆ ತಂಗಿಯ ಮಗಳು ಮಂಗಳೂರಿನಿಂದ ರೈಲಿಗೆ ಬರುವವಳಿದ್ದಳು, ಎಂಟು ತಿಂಗಳ ಕೂಸನ್ನು ಕಟ್ಟಿಕೊಂಡು. ರಸ್ತೆ ಐದು ಗಂಟೆಗೆ ಬಂದ್ ಎಂದು ಪ್ರಕಟಣೆ. ಬ್ಯಾರಿಕೇಡ್ ಬಿದ್ದದ್ದು ಮೂರಕ್ಕೆ. ನನ್ನ ಸ್ಕೂಟರ್ ಒಳಗೆ, ನಾನು ಹೊರಗೆ. ಶಿರವಾಡ ಸ್ಟೇಷನ್ನಿನಿಂದ ಅವಳನ್ನು ತಂದ ಆಟೊದವ 600 ರೂಪಾಯಿ ಎಣಿಸಿಕೊಂಡು ಸುಭಾಷ್ ಸರ್ಕಲ್ಲಿನಲ್ಲಿ ಇಳಿಸಿ ಹೋದ. ಅಲ್ಲಿಂದ ಬ್ಯಾಗು ನನ್ನ ತಲೆ ಮೇಲೆ, ಕೂಸು ಅವಳ ಹೆಗಲ ಮೇಲೆ. ಬ್ಯಾರಿಕೇಡಿನ ಬಳಿ ಮೀಸೆ ಚಿಗುರದ ಒಬ್ಬ ಪೊಲೀಸ್, ‘ಅಂಕಲ್, ಪಾಸ್ ಇದೆಯಾ?’ ಎಂದ. ನನ್ನ ಮನೆಗೆ ಹೋಗಲು ನನಗೆ ಪಾಸ್! ನಾವು ಹೀಗೆ ನಿಂತಿರುವಾಗಲೇ ಮೂರು ಬಿಳಿ ಕಾರು ಬಂದವು, ಬ್ಯಾರಿಕೇಡ್ ತಾನಾಗಿ ಸರಿಯಿತು, ಮತ್ತೆ ಮುಚ್ಚಿಕೊಂಡಿತು. ಹುಡುಗನ ಮೇಲೆ ಸಿಟ್ಟಿಲ್ಲ. ಅವನೂ ಮಧ್ಯಾಹ್ನದಿಂದ ಊಟ ಮಾಡಿದ ಹಾಗೆ ಕಾಣಲಿಲ್ಲ.

ಆ ಗಳಿಗೆಯಲ್ಲಿ ಆಯಿಗೆ ಉಬ್ಬಸ ಏರಿದ್ದರೆ ಆಂಬುಲೆನ್ಸ್ ಯಾವ ದಾರಿಯಿಂದ ಬರಬೇಕಿತ್ತು? ಕೇಳಿದ್ದಕ್ಕೆ ‘ಹಾಗೇನೂ ಆಗಲ್ಲ ಸಾರ್’ ಎಂದರು, ಎದೆಗೆ ರಿಬ್ಬನ್ ಹೂವು ಚುಚ್ಚಿಕೊಂಡ ಸಂಯೋಜಕರೊಬ್ಬರು. 2025ರ ಜೂನ್ 4ರಂದು ಬೆಂಗಳೂರಿನ ಕ್ರಿಕೆಟ್ ಮೈದಾನದ ಗೇಟಿನ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರಲ್ಲ, ಅಲ್ಲಿಯೂ ಹಾಗೇನೂ ಆಗಲ್ಲ ಎಂದುಕೊಂಡವರೇ ಇದ್ದಿರಬೇಕು.

ಇನ್ನು ಸದ್ದು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಷೇಧ ಎಂಬ ನಿಯಮ 2000ನೇ ಇಸವಿಯಿಂದ ಇದೆ. ಹಬ್ಬ ಉತ್ಸವಗಳಿಗೆ ಸರ್ಕಾರ ವರ್ಷದಲ್ಲಿ 15 ದಿನಕ್ಕೆ ಮೀರದಂತೆ 12ರವರೆಗೆ ಸಡಿಲಿಸಬಹುದು, ಅದೂ ಗೊತ್ತು. ಶನಿವಾರ ಡಿಜೆ ನಿಂತದ್ದು 12 ಗಂಟೆ 40 ನಿಮಿಷಕ್ಕೆ. ಗೋಡೆ ಗಡಿಯಾರ ನೋಡುತ್ತಲೇ ಇದ್ದೆ, ಬೇರೆ ಕೆಲಸ ಇರಲಿಲ್ಲ. ಹೊರಗಿನಿಂದ ಬಂದ ನಿರೂಪಕ ಐದು ನಿಮಿಷಕ್ಕೊಮ್ಮೆ, ‘ಕಾರವಾರ, ನಿಮ್ಮ ದನಿ ಕೇಳಿಸ್ತಾ ಇಲ್ಲ!’ ಎಂದು ಕಿರುಚುತ್ತಿದ್ದ.

ನಮ್ಮ ದನಿ ಯಾರಿಗೆ ಯಾವಾಗ ಕೇಳಿಸಿದೆ ಮಾರಾಯ? ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಊರೂರಿನವರು ಬೀದಿಗಿಳಿದು ಕೂಗಿದೆವು. ಎದೆನೋವು ಬಂದರೆ ಮಣಿಪಾಲವೋ ಗೋವಾವೋ ಹುಬ್ಬಳ್ಳಿಯೋ ಎಂದು ನಾಣ್ಯ ಚಿಮ್ಮುವ ಸ್ಥಿತಿ ಯಾರಿಗೆ ಗೊತ್ತಿಲ್ಲ? 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ಹೊಳೆಯ ಹಳೆ ಸೇತುವೆ ಬಿತ್ತು. ಬಿದ್ದ ಮೇಲೆ ಎಷ್ಟು ಕಾರು ಬಂದವು, ಎಷ್ಟು ಜನ ಹೊಳೆ ಕಡೆ ಬೆರಳು ಮಾಡಿ ಫೋಟೊ ತೆಗೆಸಿಕೊಂಡರು! ಬೀಳುವ ಮೊದಲು ಒಬ್ಬರಾದರೂ ಅದರ ಕೆಳಗೆ ಬಗ್ಗಿ ನೋಡಿದ್ದರೇ? ಉತ್ಸವಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಟೇಪು ತರದವರು ಮತ್ತು ಕೆಳಗೆ ಬಗ್ಗಿ ನೋಡದವರು ಒಂದೇ ಜಾತಿ ಎಂದು ನನ್ನ ಅನುಮಾನ.

‘ಗೋವಾ ಕಾರ್ನಿವಲ್ ಮೀರಿಸುತ್ತೇವೆ’ ಎಂದು ವೇದಿಕೆಯಲ್ಲಿ ಅಂದರಂತೆ. ಮಾಜಾಳಿ ದಾಟಿದರೆ ಗೋವಾ. ಒಮ್ಮೆ ಹೋಗಿ ನೋಡಿ ಬರಬಹುದಿತ್ತು. ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮೊದಲಿನ ನಾಲ್ಕು ದಿನ ಆ ಹಬ್ಬ. ಶನಿವಾರ ಪಣಜಿ, ಭಾನುವಾರ ಮಡಗಾಂವ್, ಆಮೇಲೆ ವಾಸ್ಕೊ, ಮಾಪುಸಾ, ಹೀಗೆ ಊರಿಗೊಂದು ದಿನ ಹಂಚಿಕೊಂಡು ಬಂದಿದ್ದಾರೆ. ಆ ಹಬ್ಬದ ಅಣಕು ರಾಜ ಕಿಂಗ್ ಮೋಮೊ ಕಿರೀಟ ಇಟ್ಟುಕೊಂಡು ‘ತಿನ್ನಿ, ಕುಡಿಯಿರಿ, ಮಜಾ ಮಾಡಿ’ ಎಂದು ಆಜ್ಞೆ ಓದುತ್ತಾನೆ, ನಾಲ್ಕು ದಿನ ಆಳಿ ಸುಮ್ಮನೆ ಇಳಿದುಹೋಗುತ್ತಾನೆ. ನಮ್ಮಲ್ಲಿ ಕಿರೀಟ ಇಟ್ಟುಕೊಂಡವರು ಇಳಿಯುವ ಲಕ್ಷಣವೇ ಇಲ್ಲ.

ಗೋವಾ ದೂರ ಅನ್ನಿಸಿದರೆ ಶಿರಸಿ ಇದೆ. ನನ್ನ ಹೆಂಡತಿಯ ತವರು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಬಿಡಕಿ ಬಯಲಿನ ಗದ್ದುಗೆಯಲ್ಲಿ ಅಮ್ಮ ಕೂತಳೆಂದರೆ ಮಲೆನಾಡು, ಬಯಲುಸೀಮೆ, ಕರಾವಳಿ ಎಲ್ಲಾ ಅಲ್ಲೇ. ವಾರಗಳ ಮೊದಲೇ ಹೊರಬೀಡು ಎಂಬ ಪೂರ್ವವಿಧಿ ಶುರು, ಊರಿಗೆ ಅಂಕೆ ಹಾಕುತ್ತಾರೆ, ಯಾವ ಕೆಲಸ ಯಾರದ್ದು ಎಂದು ಜಾತ್ರೆಯ ಕೆಲಸಗಳ ಹಕ್ಕುದಾರರಾದ ಬಾಬುದಾರರಿಗೆ ತಲೆತಲಾಂತರದಿಂದ ಗೊತ್ತು. ದೂಳು, ಗಲಾಟೆ, ಕಿಸೆಗಳ್ಳರು ಅಲ್ಲಿಯೂ ಇದ್ದಾರೆ. ಆದರೆ ಇದು ಯಾರ ಜವಾಬ್ದಾರಿ ಎಂದು ಕೇಳಿದರೆ ಅಲ್ಲಿ ಒಬ್ಬ ಮನುಷ್ಯ ಸಿಗುತ್ತಾನೆ. ಇಲ್ಲಿ ನಾನು ನಾಲ್ಕು ನಂಬರಿಗೆ ಫೋನ್ ಮಾಡಿದೆ. ಮೊದಲನೆಯವರು ಎರಡನೆಯವರನ್ನು ಕೇಳಿ ಎಂದರು, ಎರಡನೆಯವರು ಟೆಂಡರ್ ಹಿಡಿದವರನ್ನು ಕೇಳಿ ಎಂದರು, ಟೆಂಡರಿನವರ ಫೋನ್ ಸ್ವಿಚ್ ಆಫ್. ನಾಲ್ಕನೆಯದು ರಾಂಗ್ ನಂಬರ್. ಪಾಪ, ಅವರೊಬ್ಬರೇ ಪೂರ್ತಿ ಕೇಳಿಸಿಕೊಂಡರು.

ಬೆಳಗಾದ ಮೇಲಿನದ್ದನ್ನು ಬರೆಯಲೇ ಹೇಸಿಗೆ. ಅಷ್ಟು ಜನಕ್ಕೆ ಆರು ತಾತ್ಕಾಲಿಕ ಶೌಚಾಲಯ, ಒಂದರಲ್ಲೂ ನೀರಿಲ್ಲ. ಎಷ್ಟು ಹೆಣ್ಣುಮಕ್ಕಳು ನಮ್ಮ ಬಾಗಿಲು ತಟ್ಟಿದರೋ ಲೆಕ್ಕವಿಲ್ಲ, ಹೆಂಡತಿ ಯಾರಿಗೂ ಇಲ್ಲ ಅನ್ನಲಿಲ್ಲ. ಟ್ಯಾಂಕಿ ಒಂಬತ್ತಕ್ಕೇ ಖಾಲಿ. ಗಂಡಸರು ಬಾಗಿಲು ತಟ್ಟಲಿಲ್ಲ. ಕಂಪೌಂಡಿನ ಪಕ್ಕದ ತೆಂಗಿಗೆ ಈ ವರ್ಷ ಗೊಬ್ಬರ ಹಾಕಬೇಕಿಲ್ಲ. ನಸುಕಿಗೇ ಪೌರಕಾರ್ಮಿಕ ಹೆಂಗಸರು ಬಂದು ಬಿರಿಯಾನಿ ಮೆತ್ತಿದ ತಟ್ಟೆಗಳನ್ನು ಬರಿಗೈಯಲ್ಲಿ ಬಳಿಯುತ್ತಿದ್ದರು. ದಂಡೆಯಲ್ಲಿ ರಂಪಣಿ ಎಳೆಯುವವರ ಬಲೆಯಲ್ಲಿ ಮೀನಿಗಿಂತ ಪ್ಲಾಸ್ಟಿಕ್ ಲೋಟ ಹೆಚ್ಚು. ಉತ್ಸವದ ವಿಷಯ ಏನಿತ್ತು ನೆನಪಿದೆಯೇ? ‘ಸ್ವಚ್ಛ ಕಡಲು’.

ಭಾಷಣದಲ್ಲಿ ಟ್ಯಾಗೋರರ ಹೆಸರೂ ಬಂತು. ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ತಮ್ಮ ಬಂದು ಇದೇ ಕಡಲ ಎದುರು ನಾಟಕ ಬರೆದರು. ಪುಣ್ಯಕ್ಕೆ ಶನಿವಾರ ಬರಲಿಲ್ಲ.

ನಾನು ಉತ್ಸವದ ವಿರೋಧಿಯಲ್ಲ. ಮಯೂರವರ್ಮ ವೇದಿಕೆಯ ಎದುರು ಮರಳಿನಲ್ಲಿ ಚಾಪೆ ಹಾಸಿ ಕರಾವಳಿ ಉತ್ಸವ ನೋಡಿದವನು. ಇಂಥದ್ದು ಇನ್ನು ಮೇಲೆ ಬೇಡವೇ ಬೇಡ. ಮಾಡಿಯೇ ತೀರುತ್ತೇವೆ ಅನ್ನುವುದಾದರೆ ಓಣಿಯವರನ್ನು ಒಮ್ಮೆ ಕರೆದು ಕೇಳಿ, ತಂತಿ ಅಳೆಯಿರಿ, ನೀರು ಬಿಡಿ, ಆಂಬುಲೆನ್ಸಿಗೆ ದಾರಿ ಬಿಡಿ. ಅಥವಾ ಮುಂದಿನ ಸಲ ನಿಮ್ಮ ನಿಮ್ಮ ಕ್ವಾರ್ಟರ್ಸ್ ಎದುರೇ ಡಿಜೆ ಇಡಿಸಿ, ನಾವೂ ಬಂದು ಕುಣಿಯುತ್ತೇವೆ. ಆ ಹುಡುಗನ ಪಗಾರ ಕೊಟ್ಟಿದ್ದೀರೋ ಇಲ್ಲವೋ ಅದನ್ನೂ ಹೇಳಿ.

ಇದನ್ನು ಬರೆಯುವ ಹೊತ್ತಿಗೆ ಬುಧವಾರ. ‘ಸುಸ್ವಾಗತ’ ಎಂದು ಬರೆದ ಕಮಾನಿನ ಒಂದು ಕಾಲು ಇನ್ನೂ ನಮ್ಮ ಗೇಟಿಗೆ ಅಡ್ಡ ನಿಂತಿದೆ. ಸ್ಕೂಟರ್ ಹೊರಗೆ ತೆಗೆಯಲು ಆಗುತ್ತಿಲ್ಲ. ಮೊದಲು ಬಂದು ಅದನ್ನು ಬಿಚ್ಚಿಕೊಂಡು ಹೋಗಿ.

— ನೊಂದ ಓದುಗ,
ಕೋಡಿಬಾಗ ರಸ್ತೆ, ಕಾರವಾರ