ಒಲ್ಲೆ ಅಂದಿದ್ದೆ ಅಲ್ಲ ಅಪ್ಪಾ

ತಂಗೀ,

ನಿನ್ನ ಅವ್ವ ಬುತ್ತಿ ಕಟ್ಟುತ್ತಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೂಸಿಗೆ ಅಂತ ಅಮೀನಗಡದ ಕರದಂಟು. ಅದೇ ಚೀಲದಲ್ಲಿ ಈ ಪತ್ರ ಇಡುತ್ತೇನೆ. ಜಮಖಂಡಿ ಬಸ್ಸಿನ ಕಂಡಕ್ಟರ್ ನನ್ನ ಹತ್ತಿರ ಕೆಲಸ ಕಲಿತ ಹುಡುಗ, ನಿನ್ನ ಕೈಗೇ ಕೊಡುತ್ತಾನೆ.

ಫೋನಿನಲ್ಲೇ ಹೇಳಬಹುದಿತ್ತು. ಬುಧವಾರ ರಾತ್ರಿ ನೀನು ಕೂಸಿನ ರಿಪೋರ್ಟು ಓದಿ ಹೇಳಿ, ಕೊನೆಗೆ "ಅಪ್ಪಾ, ನಾ ಒಲ್ಲೆ ಅಂದಿದ್ದೆ ಅಲ್ಲ?" ಅಂತ ಕೇಳಿದೆ. ನನಗೆ ಬಾಯೇ ಬರಲಿಲ್ಲ. ರೇಂಜ್ ಸಿಗ್ತಿಲ್ಲ ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ. ನವನಗರದಲ್ಲಿ, ಅದೂ ನಮ್ಮ ಮಾಳಿಗೆ ಮೇಲೆ ರೇಂಜ್ ಇಲ್ಲ ಅಂದರೆ ನೀನು ನಂಬಿರಲಿಕ್ಕಿಲ್ಲ.

ಹೌದು, ಅಂದಿದ್ದೆ.

ಅವ್ವನ ಮುಂದೆ ಎಷ್ಟು ಸಲ ಅಂದಿದ್ದೆಯೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಒಂದೇ ಸಲ, ಡಿಪೋದಲ್ಲಿ. ಹುಬ್ಬಳ್ಳಿ ಟ್ರಿಪ್ ಮುಗಿಸಿ ಬಂದು ಕ್ಯಾಶ್ ಕೌಂಟರಿನ ಹೊರಗೆ ಕಟ್ಟೆಯ ಮೇಲೆ ಕುಳಿತು ಕಲೆಕ್ಷನ್ ಎಣಿಸುತ್ತಿದ್ದೆ. ನೋಟು ಮುಗಿದು ಚಿಲ್ಲರೆಗೆ ಬಂದಿದ್ದೆ. ನಾಣ್ಯಗಳನ್ನು ಹತ್ತತ್ತು ಪೇರಿಸಿ ಸಾಲಾಗಿ ಇಟ್ಟಿದ್ದೆ. ನೀನು ಕಾಲೇಜಿನಿಂದ ನೇರ ಅಲ್ಲಿಗೇ ಬಂದೆ. ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು, ಪಿನ್ನು ಚುಚ್ಚಿಕೊಂಡಿದ್ದೆ. "ಮಾಮಾ ನನ್ನ ಎತ್ತಿ ಆಡಿಸಿದಾಂವ. ಗಂಡ ಅಂತ ಹೆಂಗ ನೋಡ್ಲಿ? ನಾ ಒಲ್ಲೆ" ಅಂದೆ.

"ಲೆಕ್ಕ ತಪ್ಪಸಬ್ಯಾಡ, ಮನಿಗಿ ನಡಿ" ಅಂದೆ ನಾನು.

ನೀನು ಸ್ವಲ್ಪ ಹೊತ್ತು ನಿಂತೇ ಇದ್ದೆ. ಆಮೇಲೆ ಚಪ್ಪಲಿ ಎಳೆದುಕೊಂಡು ಹೋದ ಸಪ್ಪಳ ಕೇಳಿತು. ಲೆಕ್ಕದಲ್ಲಿ 40 ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿ, ಕೊನೆಗೆ ಕೈಯಿಂದ ಕಟ್ಟಿದೆ. ಮನೆಗೆ ಬಂದು ಅವ್ವನಿಗೆ ಹೇಳಿದ್ದು ಆ 40 ರೂಪಾಯಿ ಸುದ್ದಿ. ನೀನು ಬಂದಿದ್ದ ಸುದ್ದಿ ಹೇಳಲೇ ಇಲ್ಲ. ಆರು ವರ್ಷ ಆಯಿತು. ಈ ಮೂರು ರಾತ್ರಿಯಿಂದ ಕಣ್ಣು ಮುಚ್ಚಿದರೆ ಆ ನಾಣ್ಯದ ಸಾಲು ಕಾಣುತ್ತದೆ, ಪಿನ್ನು ಚುಚ್ಚಿದ ಚಪ್ಪಲಿ ಕಾಣುತ್ತದೆ. ನಿನ್ನ ಮುಖ ನೆನಪಿಗೆ ಬರುವುದಿಲ್ಲ. ತಲೆ ಎತ್ತಿ ನೋಡಿದ್ದರೆ ತಾನೆ ಬರೋದು.

ಗೊತ್ತಿದ್ದ ಮನೆ, ಹೊಲ ಹೊರಗೆ ಹೋಗಲ್ಲ, ನನ್ನ ಅಕ್ಕನನ್ನೂ ಸೋದರಮಾವನಿಗೇ ಕೊಟ್ಟಿದ್ದು, ಮಕ್ಕಳೆಲ್ಲ ಗಟ್ಟಿ ಇದ್ದಾರೆ ಅಂತೆಲ್ಲ ಆಗ ಹೇಳಿದೆ. ಹೇಳದೆ ಇದ್ದದ್ದು ಒಂದಿತ್ತು. ಮನೆ ಸಾಲ ಇನ್ನೂ ತೀರಿರಲಿಲ್ಲ. ಅವರು ಏನೂ ಬೇಡ ಅಂದಾಗ ನನಗೆ ಎದೆ ಹಗುರಾಯಿತು. ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ.

ನಿನ್ನೆ ಆ ರಿಪೋರ್ಟಿನ ಫೋಟೋ ತೆಗೆದುಕೊಂಡು ಇಲ್ಲಿಯ ಡಾಕ್ಟರ ಹತ್ತಿರ ಹೋಗಿದ್ದೆ. ರೋಗದ ಹೆಸರನ್ನು ನಾನು ಗೌಚರ್ ಅಂತ ಓದಿದೆ, ಅವರು ಗೋಶೇ ಅಂದರು. ಮೈಯೊಳಗೆ ಒಂದು ಥರದ ಕೊಬ್ಬನ್ನು ಒಡೆಯುವ ಕಿಣ್ವ ಕಡಿಮೆ, ಅದಕ್ಕೇ ಆ ಕೊಬ್ಬು ಗುಲ್ಮ (ಸ್ಪ್ಲೀನ್), ಲಿವರು, ಎಲುಬಿನ ಮಜ್ಜೆಯಲ್ಲಿ ಕೂಡುತ್ತಾ ಹೋಗುತ್ತದಂತೆ. ನಾವು ಜಂತು ಅಂತ ಔಷಧ ಕುಡಿಸಿದ ಹೊಟ್ಟೆ ಅದು. ಒಂದನೇ ನಮೂನೆ ಆಗಿದ್ದರಿಂದ ಮಿದುಳಿಗೆ ತೊಂದರೆ ಇಲ್ಲ ಅಂದಾಗ ಅಲ್ಲೇ ಕೈ ಮುಗಿದೆ. ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿದರು. ತಂದೆಯಿಂದ ಒಂದು, ತಾಯಿಯಿಂದ ಒಂದು, ಜೀನಿನ ಎರಡೂ ಪ್ರತಿ ಕೆಟ್ಟವೇ ಬಂದರೆ ಮಾತ್ರ ರೋಗ. ಒಂದೇ ಇದ್ದವರು ಆರಾಮಾಗಿ ಇರುತ್ತಾರೆ, ಗೊತ್ತೇ ಆಗಲ್ಲ. ಅದು ನಿನ್ನ ಅವ್ವನ ತವರಿನಿಂದ ಅವಳಿಗೂ ಅವಳ ತಮ್ಮನಿಗೂ ಬಂದಿರಬೇಕು, ಅವಳಿಂದ ನಿನಗೆ. ಅದಕ್ಕೇ ಅವಳು ಎರಡು ದಿನದಿಂದ ಅಳುತ್ತಿದ್ದಾಳೆ. ಬಂದದ್ದು ಅಲ್ಲಿಂದ ಇರಬಹುದು, ಜೋಡಿಸಿದವನು ನಾನು.

ಕೂಸಿನ ತೊಡೆ ಮೇಲಿನ ನೀಲಿ ಕಲೆ ನೋಡಿ "ಬಡಿದಿಯೇನು ಅದಕ್ಕ?" ಅಂತ ಎಲ್ಲರ ಎದುರಿಗೆ ನಿನಗೆ ಬೈದಿದ್ದೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಸುಮ್ನೆ ತಾಗಿದರೂ ಹಾಗಾಗುತ್ತದಂತೆ. ನೀನು ಏನೂ ಅನ್ನದೆ ಒಂದು ನೋಟ್‌ಬುಕ್ ಮಾಡಿದೆ. ಯಾವ ದಿನ ಎಲ್ಲಿ ಕಲೆ, ಯಾವಾಗ ಮೂಗಿನಿಂದ ರಕ್ತ, ಎಲ್ಲ ತಾರೀಖು ಹಾಕಿ. ಅದನ್ನು ನೋಡಿದಾಗ ನಾನು ಟಿಕೆಟ್ ಲೆಕ್ಕ ಬರೆಯುವ ವೇ ಬಿಲ್ಲು ನೆನಪಾಯಿತು, ಒಂದೂ ಕಾಟು ಹೊಡೆತ ಇಲ್ಲ. ಊರೆಲ್ಲ ದೃಷ್ಟಿ, ಜಂತು ಅನ್ನುವಾಗ ನೀನೊಬ್ಬಳೇ ಹಟ ಹಿಡಿದೆ. ತಂಗೀ, ಆ ಬೈಗುಳ ನಾನು ವಾಪಸ್ ತಗೊಂಡೆ.

ಈಗ ಸ್ವಲ್ಪ ಕೇಳು. ಗುಲ್ಮ ದೊಡ್ಡದಾಗಿದೆ, ಹೊಟ್ಟೆಗೆ ಪೆಟ್ಟು ಬೀಳಬಾರದು. ಹೋದ ವರ್ಷ ಹೋಳಿ ಹಬ್ಬದಲ್ಲಿ ಬಣ್ಣದ ಬಂಡಿ ನೋಡಲು ಆ ಗದ್ದಲದಲ್ಲಿ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದೆ, ನೆನೆದರೆ ಈಗ ಕೈ ನಡುಗುತ್ತದೆ. ಜ್ವರ, ನೋವು ಅಂತ ಅಂಗಡಿಯ ಗುಳಿಗೆ ಕೊಡಬೇಡ, ಕೆಲವು ನೋವಿನ ಗುಳಿಗೆ ರಕ್ತಸ್ರಾವ ಜಾಸ್ತಿ ಮಾಡುತ್ತವೆ, ಡಾಕ್ಟರನ್ನೇ ಕೇಳು. ಬಸ್ಸಿನಲ್ಲಿ ಹಿಂದಿನ ಗಾಲಿಯ ಮೇಲೆ ಕೂಡಬೇಡ. ಇನ್ನೊಂದು, ಸಿಟ್ಟಾಗಬೇಡ. ಇನ್ನೊಂದು ಮಗು ಬೇಕು ಅಂದರೆ ಮೊದಲೇ ಡಾಕ್ಟರ ಹತ್ತಿರ ಹೋಗಿ. ನಿಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇರುವುದರಿಂದ ಮಗುವಿಗೆ ರೋಗ ಬರುವ ಸಂಭವ 4ರಲ್ಲಿ 1 ಅಂತೆ. ಹಾಗಂದರೆ ಒಂದು ಆಯಿತು, ಇನ್ನು ಮೂರಕ್ಕೆ ಭಯವಿಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಪ್ರತಿ ಬಸಿರಿಗೂ 4ರಲ್ಲಿ 1. ಮೂರನೇ ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಿ ನೋಡಬಹುದು. ಬೇಕೋ ಬೇಡವೋ ನಿಮ್ಮಿಷ್ಟ, ಅತ್ತೆಯ ಮಾತು ಕೇಳಬೇಡ. ನನ್ನದೂ ಅಷ್ಟೇ. ನೋಡು, ಇಷ್ಟೆಲ್ಲ ಹೇಳಬಾರದು ಅಂತಲೇ ಪತ್ರ ಶುರು ಮಾಡಿದ್ದೆ.

ಔಷಧ ಇದೆ ಅನ್ನೋದೇ ದೊಡ್ಡದು. ಇಲ್ಲದ ಆ ಕಿಣ್ವವನ್ನೇ ಹದಿನೈದು ದಿನಕ್ಕೊಮ್ಮೆ ನರಕ್ಕೆ ಹನಿಹನಿಯಾಗಿ ಏರಿಸುತ್ತಾರೆ, ಜೀವನಪೂರ್ತಿ. 2021ರ ಅಪರೂಪದ ರೋಗಗಳ ನೀತಿಯಲ್ಲಿ ಕೇಂದ್ರ ಸರ್ಕಾರ ಒಬ್ಬರಿಗೆ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಅದು ಗುರುತಿಸಿದ ಆಸ್ಪತ್ರೆಗಳ ಮೂಲಕವೇ ಬರಬೇಕು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಅದರಲ್ಲಿದೆ. ಆದರೆ ಡೋಸು ತೂಕದ ಮೇಲೆ. ಕೂಸು ಬೆಳೆದ ಹಾಗೆ ಖರ್ಚೂ ಬೆಳೆಯುತ್ತದೆ, 50 ಲಕ್ಷ ಬೆಳೆಯುವುದಿಲ್ಲ. ಮೊಮ್ಮಗ ಮೈಕೈ ತುಂಬಿಕೊಂಡರೆ ಖುಷಿ ಪಡಲೋ, ಲೆಕ್ಕ ಹಾಕಲೋ ಅನ್ನುವ ಹಾಗಾಗಿದೆ ನನ್ನ ಹಣೆಬರಹ.

ಗಂಡನ ಮೇಲೆ ಸಿಟ್ಟು ತೀರಿಸಬೇಡ. ಆಗ ಅವನನ್ನೂ ಯಾರೂ ಕೇಳಿರಲಿಲ್ಲ. ಅವನ ಅಕ್ಕ, ಅಂದರೆ ನಿನ್ನ ಅವ್ವ, ಹೇಳಿದಳು, ಅವನು ತಾಳಿ ಕಟ್ಟಿದ.

ನಿನ್ನ ತಂಗಿಯನ್ನು ನನ್ನ ಅಕ್ಕ ತನ್ನ ಮಗನಿಗೆ ಕೇಳುತ್ತಿದ್ದಳಲ್ವಾ, ನಿನ್ನೆ ಆಗಲ್ಲ ಅಂದೆ. ಚಹಾ ಬಿಟ್ಟು ಎದ್ದು ಹೋದಳು.

ಭಾನುವಾರ ರಾತ್ರಿಯ ಬೆಂಗಳೂರು ಬಸ್ಸಿಗೆ ನಾಲ್ಕು ಸೀಟು ಮಾಡಿಸಿದ್ದೇನೆ, ಎಲ್ಲ ಕೆಳಗಿನವೇ. ಇಲ್ಲಿಗೆ ಬಂದು ಊಟ ಮಾಡಿ ಹೊರಡಬಹುದು. ನಾಲ್ಕನೆಯದು ನನಗೆ. ನಾನು ಬರೋದು ಬೇಡ ಅನಿಸಿದರೆ ಒಲ್ಲೆ ಅಂತ ಒಂದು ಮೆಸೇಜ್ ಹಾಕು, ಯಾಕೆ ಅಂತ ಕೇಳಲ್ಲ. ಶನಿವಾರ ಸಂಜೆಯೊಳಗೆ ಹೇಳಿದರೆ ಆ ಸೀಟು ರದ್ದು ಮಾಡಿಸುತ್ತೇನೆ.

ನಿನ್ನ ಅಪ್ಪ