ಜೀಪಿನ್ಯಾಗ ಉಳಿದ ರಾಡ್

ಮಗಳ,

ನಿನ್ನೆ ರಾತ್ರಿ ಊಟದ ಮುಂದ ಆಗಿದ್ದು ಮತ್ತ ಬರೆಯೂದಿಲ್ಲ. ನೀ ಇಂಟರ್ನ್ ಆಗಿ ಹೊಂಟೀ ಅಂದಾಗ, ಹೆಣ್ಣಹುಡುಗಿಗೆ ಕರೆಂಟಿನ ಸ್ವಿಚ್ ಯಾರ್ಡ್ ಯಾಕ ಅಂದೆ, ಅದು ತಪ್ಪ. ಲೈನ್‌ಮನ್ ಮಗಳು ಶಕ್ತಿನಗರದ ವಿದ್ಯುತ್ ಸ್ಥಾವರದಾಗ 210 ಮೆಗಾವ್ಯಾಟ್ ಯುನಿಟ್ ಮುಂದ ನಿಂದರತಾಳ ಅಂತ ಬೆಟಗೇರಿ ತುಂಬ ಹೇಳಿ ಬಂದಾಂವ ನಾನ.

ಹೆದರಿಕಿ ಬ್ಯಾರೆ ಐತಿ. ಕಾಕಾನ ಬಲಗೈ ಹೆಂಗ ಹೋತು ಅಂತ ಸಣ್ಣಾಕಿ ಇದ್ದಾಗ ಕೇಳಿದ್ದಿ. ಗಿರಣ್ಯಾಂವ, ತನ್ನ ಕರೆಂಟ್ ಲೈನಿಗೆ ಹೋಗದಂಗ ತಡಿಯೂ ಚೇಂಜ್‌ಓವರ್ ಸ್ವಿಚ್ ಇಲ್ಲದ ಜನರೇಟರ್ ಹಚ್ಚಿದ ಅಂದಿದ್ದೆ. ಅದು ಅರ್ಧಾ ಖರೆ.

2003ರ ಮಿರಗದ ಮಳಿ. ಮುಂಡರಗಿ ರಸ್ತೆ, ಕಪ್ಪತಗುಡ್ಡದ ಕಡಿಂದ ಮಾಡ ಏರಿತ್ತು. ಲೈನ್ ಕ್ಲಿಯರ್, ಅಂದ್ರ ಕೆಲಸಕ್ಕ ಒಪ್ಪಿಗಿ, ತಗೊಂಡಿದ್ವಿ, ಫೀಡರ್ ಲೈನ್ ಬಂದ್. ಕಾಕಾ ಕಂಬದ ಬುಡಕ ನಿಂತು, "ಅರ್ಥ್ ರಾಡ್ ಹಾಕೂಣೇನು?" ಅಂದ. ರಾಡ್ ಜೀಪಿನ್ಯಾಗಿತ್ತು, ಜೀಪ್ ಹೊಲದ ಆಚೆ ದಂಡಿಗೆ. "ಒಂದ ಜಂಪ್ ತಂತಿ ಕಟ್ಟೂದಕ್ಕ ಏನ್ ರಾಡ್, ಏರು" ಅಂದೆ. ಗಿರಣಿ ಕರೆಂಟ್ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಒಳಗ ಹಿಂದಕ್ಕ ಹಾದು, 433 ವೋಲ್ಟ್ ಹೋಗಿ 11,000 ಆಗಿ ಅವನ ಕೈಗೆ ಬಂತು. ರಾಡ್ ಇದ್ದಿದ್ರ ನೆಲಕ್ಕ ಇಳೀತಿತ್ತು. "ಏರು" ಅಂದಾಂವ ನಾನು.

ಅದಕ್ಕ ಹೇಳತೇನಿ ಕೇಳು. ಕರೆಂಟ್ ಕಡಿಯೂ ಬ್ರೇಕರ್ ಮೊದಲ ತೆಗೀದ, ಲೈನ್ ಬ್ಯಾರೆ ಮಾಡೂ ಐಸೋಲೇಟರ್ ಸ್ವಿಚ್ ಎಳೆಯಾಕ ಬಿಡಬ್ಯಾಡ. ರಾಡ್ ಮೊದಲ ನೆಲಕ್ಕ ಹಚ್ಚಬೇಕು, ಆಮ್ಯಾಲ ತಂತಿಗೆ. ತೆಗಿಯೂಮುಂದ ಮೊದಲ ತಂತಿದು. ಫೋನಿನ್ಯಾಗ "ಬಂದ್ ಐತಿ" ಅಂದ್ರ ಸಾಲದು, ಪರ್ಮಿಟ್ ಕಾಗದ ಕಣ್ಣಿಂದ ನೋಡು. 220 ಕೆ.ವಿ. ತಂತಿ ಮುಟ್ಟಬೇಕಂತಿಲ್ಲ, ಸಮೀಪ ಹೋದ್ರ ಸಾಕು, ಗಾಳಿ ಹಾದ ಬರತೈತಿ. ಸ್ಟೀಲ್ ಟೇಪ್ ಅಲ್ಲಿ ಬಿಚ್ಚಬ್ಯಾಡ. ಇಂಟರ್ನ್ ಕೈಯಾಗ ಯಾರ್ ಹ್ಯಾಂಡಲ್ ಕೊಡತಾರ ಅಂತೀ. ಕೊಡತಾರ, ಶಿಫ್ಟ್ ಮುಗಿಯೂಮುಂದ, ಎಲ್ಲಾರೂ ದಣದಾಗ. ಆಗ ಒಲ್ಲೆ ಅನ್ನು. ಹುಡುಗಿ ಅಂಜಿದಳು ಅಂದ್ರ ಅನ್ಲಿ.

ನಿಮ್ಮವ್ವ ಬಸ್ಸಿನ ಹೊತ್ತಾತು, ಸಾಕ ಮಾಡ್ರಿ ಅನ್ನಾಕತ್ತಾಳ.

ಕಾಕಾ ಬೆಳಿಗ್ಗೆ ಬಂದಿದ್ದ. ಎಡಗೈಲೆ ಎಣಿಸಿ 500 ರೂಪಾಯಿ ಕೊಟ್ಟಾನ, ಶೇಂಗಾ ಚಟ್ನಿ ಡಬ್ಬಿ ಕೆಳಗ ಐತಿ. ಮುಟ್ಟಿದ ಮ್ಯಾಲ ಅವಂಗ ಫೋನ್ ಹಚ್ಚು. ರಾಡಿನ ಮಾತ ಮಾತ್ರ ತೆಗೀಬ್ಯಾಡ. ಕೇಳಿದ್ರ ಅಂವ ಇವತ್ತಿಗೂ ಗಿರಣ್ಯಾಂವಂದ ತಪ್ಪ ಅಂತಾನ.

ನಿಮ್ಮಪ್ಪ