ತಿಥಿ ನೋಡಿಕೊಂಡು ಕಡಲಿಗೆ ಹೋಗು

ಬೆಟಗೇರಿ, ಗದಗ

ಚಿ. ಮಗಳಿಗೆ ಅವ್ವನ ಆಶೀರ್ವಾದಗಳು.

‘ಗೋಕರ್ಣದಾಗ ಒಬ್ಬಾಕೀನ ದಿನಪೂರ್ತಿ ಏನ್ ಮಾಡಿದಿ ಅವ್ವಾ?’ ಅಂತ ಕೇಳಿದ್ದೆ. ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ ಬರುವವರು ಸಿಗಲಿಲ್ಲ ಅಂತ ನಿನ್ನ ರಜೆಗಳು ಹಾಗೇ ಹೋಗುತ್ತಿವೆ. ಈ ಸಲ ಯಾರಿಗೂ ಕಾಯಬೇಡ, ನೀನೂ ಒಬ್ಬಳೇ ಹೋಗು. ಹೇಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನುವುದನ್ನಷ್ಟು ಕೇಳು.

ನಾನು ಹೊರಟದ್ದು ಸಂಕಷ್ಟಿಯ ದಿನ. ಗದಗಿನಿಂದ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಆಮೇಲೆ ಗೋಕರ್ಣ. ಎಲ್ಲ ಕೆಂಪು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿನ ಖರ್ಚಿಲ್ಲ, ಆಧಾರ್ ಕಾರ್ಡ್ ಕೈಯಲ್ಲಿದ್ದರೆ ಸಾಕು. ಎಲ್ಲಿಗಾದರೂ ಹೋಗಬೇಕೆಂದರೆ ಹೆಂಗಸು ಮೊದಲು ಮನೆಯಲ್ಲಿ ದುಡ್ಡು ಕೇಳಬೇಕಾಗಿತ್ತಲ್ಲ, ಆ ಕೇಳುವುದು ತಪ್ಪಿತು. ಇದು ಸಣ್ಣ ಮಾತಲ್ಲ. ನನ್ನ ಬಸ್ಸಿನಲ್ಲೇ ನನ್ನ ವಯಸ್ಸಿನವರು ಎಷ್ಟೋ ಮಂದಿ ಒಬ್ಬೊಬ್ಬರೇ ಕೂತಿದ್ದರು.

ಆ ಘಟ್ಟಗಳು ನಮ್ಮ ಕಡೆಯವರಿಗೆ ಹೊಸವಲ್ಲ. ರೈಲು ಬರುವ ಮೊದಲು ಧಾರವಾಡ ಸೀಮೆಯ ಅರಳೆ ಎತ್ತಿನ ಮೇಲೆ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು, ಅಲ್ಲಿಂದ ಹಡಗು ಹತ್ತಿ ಮುಂಬಯಿಗೆ. ಮುಂಬಯಿ ಪೇಟೆಯಲ್ಲಿ ನಮ್ಮ ಹತ್ತಿಯನ್ನು ಕುಮಟಾ ಹತ್ತಿ ಅಂತಲೇ ಮಾರುತ್ತಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದಕ್ಕೂ ಈ ಅರಳೆ ವ್ಯಾಪಾರವೇ ದೊಡ್ಡ ಕಾರಣ. ಕಿಟಕಿ ಪಕ್ಕ ಕೂತು ಆ ಎತ್ತು ಹೊಡೆಯುವವರನ್ನೇ ನೆನೆಸುತ್ತಿದ್ದೆ. ಅವರಲ್ಲಿ ಎಷ್ಟು ಜನ ಕಡಲನ್ನು ಮೊದಲ ಸಲ ಕಂಡಿರಬೇಕು!

ಆ ರಾತ್ರಿ ಮಹಾಗಣಪತಿ ಗುಡಿಗೆ ಹೋಗಿ, ಚಂದ್ರನನ್ನು ನೋಡಿ ಉಪವಾಸ ಬಿಟ್ಟೆ. ಶಿವರಾತ್ರಿ ಹತ್ತಿರ ಬಂದಿತ್ತು, ಇನ್ನು ಕೆಲ ದಿನಕ್ಕೆ ಊರು ತುಂಬಿಬಿಡುತ್ತದೆ.

ಮರುದಿನ ಪಂಚಮಿ. ನಸುಕಿನಲ್ಲೇ ಎದ್ದು ಗುಡ್ಡದ ಕಾಲುದಾರಿ ಹಿಡಿದು ಕುಡ್ಲೆ, ಅಲ್ಲಿಂದ ಓಂ ತೀರದವರೆಗೆ ನಡೆದೆ. ಆ ತೀರಗಳ ಫೋಟೋ ನೀನು ಬೇಕಾದಷ್ಟು ನೋಡಿದ್ದೀ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ದಿನ ನಿಜವಾಗಿ ತೆರೆದದ್ದು ತದಡಿಯಲ್ಲಿ. ನೀನೂ ಅಲ್ಲಿಗೆ ಹೋಗಲೇಬೇಕು.

ತದಡಿಯಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಶಿರಸಿಯಲ್ಲಿ ಹುಟ್ಟಿ ಇಲ್ಲಿಯವರೆಗೂ ಎಲ್ಲೂ ಅಣೆಕಟ್ಟಿಲ್ಲದೆ ಬರುವ ಹೊಳೆ. ನಾನು ಮುಟ್ಟುವ ಹೊತ್ತಿಗೆ ನೀರು ಇಳಿದಿತ್ತು. ಹೊಳೆಯ ನಡುವೆಯೇ ದಿಬ್ಬಗಳು ಎದ್ದಿದ್ದವು, ಸೊಂಟಮಟ್ಟ ನೀರಲ್ಲಿ ನಿಂತು ಹೆಂಗಸರು ಗಂಡಸರು ಚಿಪ್ಪಿ ಆರಿಸುತ್ತಿದ್ದರು. ದಂಡೆಯಲ್ಲಿ ಚಿಪ್ಪಿ ತೊಳೆಯುತ್ತಿದ್ದ ಒಬ್ಬ ಅಕ್ಕನ ಹತ್ತಿರ ಕೂತೆ. ‘ಒಬ್ರೇ ಬಂದ್ರಾ?’ ಅಂದಳು. ಹೌದಂದೆ. ಮುಂದಿನ ಪ್ರಶ್ನೆ ಯಾಕೆ ಅಂತ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ‘ಒಳ್ಳೇ ತಿಥಿಗೇ ಬಂದಿದ್ದೀರಿ’ ಅಂದಳು.

ಆಮೇಲೆ ಆಕೆ ಹೇಳಿಕೊಟ್ಟದ್ದನ್ನು ನೀನು ಬರೆದಿಟ್ಟುಕೊ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿ ಸುತ್ತ ಎರಡೂ ಮಂದ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ನೀರು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ, ಚಂದ್ರ ತಡವಾಗಿ ಹುಟ್ಟುವಂತೆಯೇ. ಹುಣ್ಣಿಮೆಗೋ ಅಮಾವಾಸ್ಯೆಗೋ ನಸುಕಿನಲ್ಲಿ ಆಗುವ ಇಳಿತ ಪಂಚಮಿಗೆ ಬಿಸಿಲೇರುವ ಹೊತ್ತಿಗೆ ಸರಿದಿರುತ್ತದೆ. ನಮ್ಮ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಏಕಾದಶಿ, ಸಂಕಷ್ಟಿ ನೋಡುತ್ತ ಬಂದೆ. ಅದೇ ಹಾಳೆಯನ್ನು ನೋಡಿ ಆಕೆ ಹೊಳೆಗೆ ಇಳಿಯುತ್ತಾಳೆ. ನಾನು ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಹಿಂಡಿ ಬಹಳ ಸೇರಿತು ಆಕೆಗೆ.

ತಾರಿ ದೋಣಿ ಹತ್ತಿ ಆಚೆ ದಂಡೆಯ ಅಘನಾಶಿನಿ ಊರಿಗೂ ಹೋಗಿಬಂದೆ. ಈ ಹೊಳೆಯ ಬದಿಯ ಗಜನಿ ಭೂಮಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಾಳುವ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಕಡಲ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಮಳೆಗಾಗಿ ಮುಗಿಲು ನೋಡುವ ಎರೆಭೂಮಿಯವಳಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ನಿನಗೊಂದು ಖುಷಿಯ ಸಂಗತಿ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ನಮ್ಮ ರಾಜ್ಯದ ತಾಣಗಳಲ್ಲಿ ಈ ಅಘನಾಶಿನಿ ಅಳಿವೆಯೂ ಇದೆ, ನಮ್ಮ ಮಾಗಡಿ ಕೆರೆಯೂ ಇದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನೀನು ಶಿರಹಟ್ಟಿ ಬಸ್ಸಿಗೆ ಹಟ ಹಿಡಿಯುತ್ತಿದ್ದೆಯಲ್ಲ, ಅದೇ ಕೆರೆ.

ಮಧ್ಯಾಹ್ನ ಸಾಣಿಕಟ್ಟೆಗೆ ಬಂದೆ. ಉಪ್ಪಿನ ಆಗರಗಳು ಕಣ್ಣು ಹಾಯುವಷ್ಟು ದೂರ ಹಾಸಿದ್ದವು. ಉಬ್ಬರದ ನೀರನ್ನು ಒಳಗೆ ಬಿಟ್ಟು, ಮಡಿಯಿಂದ ಮಡಿಗೆ ಹರಿಸಿ, ಬಿಸಿಲಿಗೆ ಆರಿಸಿ, ಕಡೆಗೆ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಆ ಬಿಸಿಲಲ್ಲಿ ಬರಿಗಾಲಲ್ಲಿ ನಿಂತು ಎಳೆಯುವ ಕೆಲಸ. ನೋಡಿ ಬಂದ ಮೇಲೆ ಅಡಿಗೆಗೆ ಉಪ್ಪು ಹಾಕುವಾಗ ಕೈ ತಡೆಯುತ್ತದೆ. 1930ರಲ್ಲಿ ಪಕ್ಕದ ಅಂಕೋಲೆಯವರು ಉಪ್ಪಿನ ಕಾಯ್ದೆ ಮುರಿದ ಕಥೆ ನೀನು ಶಾಲೆಯಲ್ಲಿ ಓದಿದ್ದೀ. ಅಲ್ಲಿ ನಿಂತಾಗ ಅದು ಪಾಠ ಅನಿಸುವುದಿಲ್ಲ.

ಯಾರಾದರೂ ಜೊತೆಗಿದ್ದರೆ ನಾನು ಆ ಆಗರದ ಬದುವಿನ ಮೇಲೆ ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಅವರಿಗೆ ಹಸಿವಾಯಿತೇ, ಬೇಸರವಾಯಿತೇ ಅಂತ ನೋಡುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು. ಇಷ್ಟು ವರ್ಷ ಹಾಗೇ ಹೋಗಿದೆ. ನಿನಗೆ ಹಾಗಾಗುವುದು ನನಗೆ ಬೇಡ.

ಇನ್ನು ಎಚ್ಚರದ ಮಾತು. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಬೇಡ, ಜೀವರಕ್ಷಕರು ಸೀಟಿ ಊದಿದರೆ ಹಿಂದೆ ಬಾ. ಒಳಸೆಳೆತಕ್ಕೆ ಸಿಕ್ಕರೆ ದಡಕ್ಕೆ ನೇರವಾಗಿ ಈಜಿ ಸುಸ್ತಾಗಬಾರದು, ತೀರಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಓಂ ತೀರದ ಆಚೆಯ ಬಂಡೆಗಳ ಕಡೆ ನೀರು ಏರುವ ಹೊತ್ತಿಗೆ ಹೋಗಬೇಡ. ಕತ್ತಲಾಗುವುದರೊಳಗೆ ರೂಮು ಸೇರಿ ನನಗೊಂದು ಫೋನು ಮಾಡು, ತುರ್ತಿಗೆ 112 ನೆನಪಿರಲಿ.

ಯುಗಾದಿ ಪಾಡ್ಯದಿಂದ ಎಣಿಸಿದರೆ ಐದನೆಯ ದಿನ ಪಂಚಮಿ. ಬೆಳಗಿನ ಇಳಿತ ತದಡಿಯಲ್ಲಿ ನಿನಗೆ ಸಿಗುತ್ತದೆ. ಹಬ್ಬಕ್ಕೆ ಇಲ್ಲಿಗೇ ಬಾ, ಹೋಳಿಗೆ ಉಂಡು ಇಲ್ಲಿಂದಲೇ ಹೊರಡು. ರೊಟ್ಟಿ, ಹಿಂಡಿ ಕಟ್ಟಿಕೊಡುತ್ತೇನೆ, ಆ ಅಕ್ಕನಿಗೂ ಒಂದು ಡಬ್ಬಿ ಬೇರೆ. ಅಪ್ಪಗೆ ಹೇಳುವ ಕೆಲಸ ನನಗೆ ಬಿಡು.

ನಿನ್ನ,
ಅವ್ವ